ಐದು ಜನ ಕಂಡ್ರೆ ಪಾಂಡವರಾ?

ಹಲೋ... ಹಲೋ, ಯಾರು ಮಾತಾಡೋದು? ಕೋಣಂದೂರು ರೈಸ್ ಮಿಲ್ಲಾ?

…

ಹಾಂ, ಗುತ್ಯಪ್ಪನಾ? ನಾನು ಸಾಗರದಿಂದ ಅನ್ನಪೂರ್ಣೇಶ್ವರಿ. ನಾಟಕ ಒಕ್ಕೂಟದ್ದು. ದುಗ್ಗಪ್ಪ ಗೌಡ್ರು ಇದಾರಾ? ನಿಮ್ಮ ಸಂಘದ ಪ್ರಾಕ್ಟೀಸು ಮಿಲ್ಲಲ್ಲೇ ಅಲ್ವಾ ನಡೆಯೋದು?

…

ಮೀಸೆ ಅಂಟಿಸ್ಕೊಳ್ತಿದಾರಾ? ನಾಡಿದ್ದಿನ ನಾಟಕಕ್ಕೆ ಇವತ್ತೇ ಮೀಸೆಯಾ? ಅಂಟಿಸ್ಕೊಳ್ಲಿ, ಕಿವಿಗೇನೂ ಅಂಟಿಸಿಲ್ವಲ್ಲ. ಟ್ರಂಕ್ ಕಾಲು ಬಂದಿದೆ ಅಂತ ಹೇಳು. ಮಧ್ಯಾಹ್ನ ಬುಕ್ ಮಾಡಿದ್ದು ಈಗ ಸಿಕ್ಕಿದೆ. ಓಡು ಮಾರಾಯ.

…

ಏ ವರದಾ, ಆ ರೇಡಿಯೋ ಸಣ್ಣ ಮಾಡೇ. ಎಂತೂ ಕೇಳ್ತಾ ಇಲ್ಲೆ.

…

ಹಲೋ? ಹಾಂ, ನಮಸ್ಕಾರ ಗೌಡ್ರೇ. ಚೆನ್ನಾಗಿದೀನಿ. ಇಲ್ಲ, ಚೆನ್ನಾಗಿಲ್ಲ. ನಿಮ್ಮ ಕಾರ್ಡು ನೋಡಿದ ಮೇಲೆ ಚೆನ್ನಾಗಿಲ್ಲ.

…

ಯಾವ ಕಾರ್ಡು ಅಂದ್ರೆ? ಮೂರು ತಾಲ್ಲೂಕಿನ ನಾಟಕ ಸಂಘದವರೆಲ್ಲ ಸೇರ್ಕೊಂಡು ಮಾಡಿದ್ದು ಒಂದೇ ಕಾರ್ಡಿನ ಪೆಟ್ಟಿಗೆ ಅಲ್ವಾ? ಒಂದು ನಾಟಕಕ್ಕೆ ಒಂದು ಕಾರ್ಡು. ಎಷ್ಟು ಪಾತ್ರ, ಎಂಥವರು ಬೇಕು, ಹೆಂಗಸರು ಎಷ್ಟು. ಯಾರು ಬೇಕಾದ್ರೂ ಬರೀಬಹುದು, ಯಾರು ಬೇಕಾದ್ರೂ ತಿದ್ದಬಹುದು. ಊರಿನ ಸಂಘದವರು ಬಂದು ಪೆಟ್ಟಿಗೆ ತೆಗೆದು ನೋಡಿದ್ರೆ ಈ ನಾಟಕ ನಮ್ಮ ಕೈಲಿ ಆಗ್ತದೋ ಇಲ್ವೋ ಅಂತ ಗೊತ್ತಾಗಬೇಕು. ಅದಕ್ಕೆ ತಾನೆ ಮಾಡಿದ್ದು? ಆ ಪೆಟ್ಟಿಗೆ ಈ ವರ್ಷ ನಮ್ಮನೇಲಿದೆ. ಸ್ಕೂಲು ಮುಗಿಸಿ ಬಂದು ದಿನಾ ಅದನ್ನೇ ಚೊಕ್ಕ ಮಾಡ್ತಾ ಕೂತಿದೀನಿ.

…

ಚೊಕ್ಕ ಮಾಡೋದು ಎಂತದು ಅಂತೀರಾ? ನಿಮ್ಮ ಪಾಂಡವ ಬಳಗ! ಯಾವ ಕಾರ್ಡು ತೆಗೆದ್ರೂ ಮೇಲ್ಗಡೆ ಹಸಿರು ಇಂಕಲ್ಲಿ ‘ಪಾಂಡವ ಬಳಗ’. ಇವನು ಧರ್ಮರಾಯ, ಇವನು ಭೀಮ, ಇವನು ಅರ್ಜುನ, ಆಮೇಲೆ ಉಳಿದ ಇಬ್ಬರು. ಹಸಿರು ಇಂಕು ಇಡೀ ಜಿಲ್ಲೇಲಿ ನಿಮ್ಮ ಹತ್ರ ಬಿಟ್ರೆ ಇನ್ಯಾರ ಹತ್ರ ಇದೆ ಹೇಳಿ?

…

ಅಲ್ಲ ಮಾರಾಯ್ರೇ, ಆ ಪೋಸ್ಟ್‌ಮನ್ನಿನ ನಾಟಕದಲ್ಲಿ ಇರೋದೇ ಮೂರು ಪಾತ್ರ. ಅದಕ್ಕೂ ಪಾಂಡವ ಬಳಗ ಅಂತ ಬರೆದಿದೀರಿ. ಇನ್ನಿಬ್ಬರು ಎಲ್ಲಿ?

…

ಎಂತ? ಅಜ್ಞಾತವಾಸದಲ್ಲಿ ಇದಾರಾ? ನಗಬೇಡಿ ಗೌಡ್ರೇ. ನನಗೆ ನಗು ಬರ್ತಿಲ್ಲ.

…

ಸರಿ, ಅದು ಬಿಡಿ. ಕಳ್ಳರ ನಾಟಕ? ಅದರಲ್ಲಿ ಕಳ್ಳರ ಯಜಮಾನನ್ನ ಧರ್ಮರಾಯ ಅಂದಿದೀರಲ್ಲ, ಯಾವ ಧರ್ಮಕ್ಕೆ?

…

ಜೂಜಾಡ್ತಾನೆ ಅಂತನಾ? ಅಯ್ಯೋ ರಾಮ. ಜೂಜಾಡಿದವರೆಲ್ಲ ಧರ್ಮರಾಯ ಆದ್ರೆ ನಮ್ಮ ಬಸ್‌ಸ್ಟ್ಯಾಂಡ್ ಹಿಂದೆ ಇಸ್ಪೀಟು ಹಾಕ್ತಾರಲ್ಲ, ಅವರೆಲ್ಲ ಚಕ್ರವರ್ತಿಗಳಾ? ಮತ್ತೆ ಆ ಹೋಟ್ಲು ನಾಟಕದ ಮಾಣಿ, ಎರಡು ಸಲ ಊಟ ಮಾಡಿದ ಕೂಡ್ಲೇ ಭೀಮ ಮಾಡಿದೀರಿ. ಮೂರನೇ ದೃಶ್ಯದಲ್ಲಿ ಒಂದು ಬಿಂದಿಗೆ ನೀರು ಎತ್ತಕ್ಕಾಗದೆ ಕೂತ್ಕೊಳ್ತಾನೆ ಅವನು. ನೀವು ನಾಟಕ ಓದ್ತೀರೋ, ಬರೀ ಊಟದ ದೃಶ್ಯ ಓದ್ತೀರೋ?

…

ಹೌದು, ಹೊಡೆದು ಹಾಕಿದ್ದು ನಾನೇ. ನಾನು ಕೆಂಪು ಇಂಕಲ್ಲಿ ಹೊಡೆದು ಹಾಕ್ತೀನಿ, ನೀವು ಸಾಗರಕ್ಕೆ ಬಂದವರು ಮತ್ತೆ ಹಸಿರು ಇಂಕಲ್ಲಿ ಬರೆದಿಟ್ಟು ಹೋಗ್ತೀರಿ. ನಮ್ಮನೇಲೇ ಕೂತು, ನಮ್ಮನೆ ಕಾಫಿ ಕುಡಿದು!

…

ಹಾಂ, ಮೊದಲನೇದಕ್ಕೆ ನಾನು ಒಪ್ಪಿದ್ದೆ. ಇಲ್ಲ ಅನ್ನಲ್ಲ. ಕೆರೆ ಹೂಳೆತ್ತೋ ಐದು ಜನ ಸ್ನೇಹಿತರ ನಾಟಕ, ಅದಕ್ಕೆ ಸರಿಯಾಗೇ ಇತ್ತು. ಅದರಲ್ಲಿ ಒಬ್ಬ ಕೈಬಿಟ್ರೆ ಐದೂ ಜನದ ಕೆಲಸ ನಿಲ್ತಿತ್ತು. ಬಳಗ ಅಂದ್ರೆ ಹಾಗೆ ಅಲ್ವಾ? ಐದು ಜನ ಒಂದೇ ಬಸ್ಸಿಗೆ ಕಾದ ಮಾತ್ರಕ್ಕೆ ಬಳಗ ಆಗಲ್ಲ ಗೌಡ್ರೇ.

…

ಸುಲಭ ಆಗ್ತದೆ, ಗೊತ್ತು ನನಗೆ. ನಿಮ್ಮ ಸಂಘಕ್ಕೆ ಹೊಸಬ ಬಂದ್ರೆ ಮೊದಲನೇ ದಿನವೇ ಇವನು ಯಾವ ಪಾಂಡವ ಅಂತ ಕೂರಿಸಿ ತೀರ್ಮಾನ ಮಾಡಿ ಆಮೇಲೆ ಕಾಫಿ ಕೊಡ್ತೀರಿ. ಒಂದು ಸಲ ಭೀಮ ಅಂದ್ರೆ ಎಲ್ಲಾ ನಾಟಕದಲ್ಲೂ ಭೀಮ. ಜಟ್ಟಿಂಗಪ್ಪ ಟೈಫಾಯಿಡ್ ಆಗಿ ಕಡ್ಡಿ ಆಗಿದ್ದಾಗ್ಲೂ ಬಿಡ್ಲಿಲ್ಲ ನೀವು, ಹೊಟ್ಟೆಗೆ ಗೋಣಿಚೀಲ ಕಟ್ಟಿ ನಿಲ್ಲಿಸಿದ್ರಿ. ನಿಮ್ಮ ಸಂಘದಲ್ಲಿ ಹೆಂಗಾದ್ರೂ ಮಾಡ್ಕೊಳ್ಳಿ. ಎಲ್ಲರ ಪೆಟ್ಟಿಗೆಗೆ ಎಂತಕ್ಕೆ ತುಂಬ್ತೀರಿ? ನಿಮ್ಮ ಕಾರ್ಡು ನಂಬ್ಕೊಂಡು ಹೊಸನಗರದವರು ಗಂಡಸರ ನಾಟಕ ಅಂತ ಒಂದು ಎತ್ಕೊಂಡ್ರು. ಓದಿ ನೋಡಿದ್ರೆ ಅದರಲ್ಲಿ ಅತ್ತೆ, ಸೊಸೆ, ಬಾಣಂತಿ. ನನಗೆ ಬೈದು ಹೋದ್ರು.

…

ಹಾಂ? ಯಾರು? ಎಕ್ಸ್‌ಚೇಂಜಾ? ಇಲ್ಲಮ್ಮ, ಮುಗಿದಿಲ್ಲ. ಇನ್ನೂ ಶುರುವೇ ಆಗಿಲ್ಲ. ಇನ್ನು ಮೂರು ನಿಮಿಷ ಎಕ್ಸ್‌ಟೆನ್ಷನ್ ಕೊಡಿ.

…

ಹಲೋ, ಗೌಡ್ರೇ? ಇದೀರಾ? ಕೇಳಿ, ಅದೆಲ್ಲ ಹಾಳಾಗಿ ಹೋಗ್ಲಿ. ನಾನು ಫೋನು ಮಾಡಿದ್ದು ‘ಹೊಳೆ ಇಳಿಯೋವರೆಗೆ’ ಕಾರ್ಡಿಗೆ. ನಾಡಿದ್ದು ತೀರ್ಥಹಳ್ಳಿ ಸ್ಪರ್ಧೇಲಿ ನೀವು ಆಡೋದು ಅದೇ ಅಲ್ವಾ? ಇವತ್ತು ಬೆಳಿಗ್ಗೆ ಪೋಸ್ಟಲ್ಲಿ ನಿಮ್ಮ ಕಾರ್ಡು ಬಂತು. ಗಂಡು ಐದು, ಹೆಣ್ಣು ಒಂದು ಅಂತಿದೆ. ಆ ನಾಟಕದಲ್ಲಿ ಗಂಡು ನಾಲ್ಕೇ.

…

ಒಬ್ಬನ್ನ ಸೇರಿಸ್ಕೊಂಡ್ರಾ? ಯಾರನ್ನ?

…

ಬಂಗಾರಮ್ಮನ ಅಣ್ಣ? ಅವಳಿಗೆ ಅಣ್ಣ ಎಲ್ಲಿದಾನೆ? ಎಲ್ಲಿಂದ ಬಂದ ಅವನು?

…

ನಾಲ್ಕೇ ಆದ್ರೆ ಪಾಂಡವರಾಗಲ್ಲ ಅಂತ ಸೇರಿಸಿದ್ರಾ! ಅಂದ್ರೆ ನಾಟಕ ನೋಡಿ ಕಾರ್ಡು ಬರೆದಿದ್ದಲ್ಲ, ಕಾರ್ಡು ಬರೆದು ಅದಕ್ಕೆ ಸರಿಯಾಗಿ ನಾಟಕ ಮಾಡ್ಕೊಂಡಿದೀರಿ. ಭೇಷ್.

…

ಗೌಡ್ರೇ, ದೋಣಿ ಅವಳದ್ದು. ಬಂಗಾರಮ್ಮಂದು. ಅವಳ ಕೈಕೆಳಗೆ ಹುಟ್ಟು ಹಾಕೋರು ನಾಲ್ಕು ಜನ. ಹೊಳೆ ಉಕ್ಕಿದೆ, ಮದುವೆ ದಿಬ್ಬಣ ಬಂದು ದಡದಲ್ಲಿ ನಿಂತಿದೆ, ಅವರು ಸ್ಟೇಜಿಗೆ ಬರಲ್ಲ, ಪರದೆ ಹಿಂದಿಂದ ಬರೀ ದನಿ. ದೋಣಿ ಬಿಡು ಅಂತಾರೆ ಅವರು. ಬಿಡಲ್ಲ ಅಂತಾಳೆ ಇವಳು. ಬೈತಾರೆ, ಕೈ ಮುಗಿತಾರೆ, ಹೆದರಿಸ್ತಾರೆ. ಆದ್ರೂ ಬಿಡಲ್ಲ. ಇಡೀ ನಾಟಕ ನಿಂತಿರೋದು ಆ ಒಂದು ‘ಬಿಡಲ್ಲ’ದ ಮೇಲೆ. ಅದನ್ನ ಈಗ ಯಾರು ಹೇಳೋದು?

…

ನೀವು. ಅಣ್ಣ. ಧರ್ಮರಾಯ. ಅದಕ್ಕೇ ಆ ಮೀಸೆ.

…

ಮತ್ತೆ ಅವಳು? ವೆಂಕಮ್ಮ ತಾನೆ ಬಂಗಾರಮ್ಮನ ಪಾತ್ರ ಮಾಡೋದು? ಅವಳಿಗೆ ಎಂತ ಉಳಿಸಿದೀರಿ?

…

‘ಅಣ್ಣ ಹೇಳಿದ ಹಾಗೆ.’ ಅಷ್ಟೇನಾ? ಆಮೇಲೆ?

…

ಆಮೇಲೆ ಅಳ್ತಾಳಾ, ದ್ರೌಪದಿ ಅಲ್ವಾ ಅಂತೀರಾ. ದ್ರೌಪದಿ ಅಂದ್ರೆ ಅಳಬೇಕಾ? ತುಂಬಿದ ಸಭೇಲಿ ನಿಂತು ಹಿರಿಯರನ್ನೆಲ್ಲ ಪ್ರಶ್ನೆ ಕೇಳಿದ ಹೆಂಗಸು ಅವಳು. ಅದೂ ಹೋಗ್ಲಿ, ದ್ರೌಪದಿಗೆ ಧರ್ಮರಾಯ ಅಣ್ಣ ಹೆಂಗಾದ ಗೌಡ್ರೇ? ಗಂಡ ಅಲ್ವಾ ಅವನು?

…

ಹಾಂ, ನೋಡಿ. ಅದನ್ನ ಯೋಚನೆ ಮಾಡಿರ್ಲಿಲ್ಲ ಅಲ್ವಾ?

…

ಬರೆದವರು ಏನೂ ಅನ್ನಲ್ಲ ಅಂತೀರಾ? ಬರೆದವರು ಯಾರು ಗೊತ್ತಾ ನಿಮಗೆ?

…

ಮೊದಲನೇ ಹಾಳೆ ಕಿತ್ತು ಹೋಗಿತ್ತಾ. ಹಾಗಾದ್ರೆ ನಾನೇ ಹೇಳ್ತೀನಿ ಕೇಳಿ. ಬರೆದದ್ದು ನಾನು. ಹೌದು, ನಾನೇ, ಅನ್ನಪೂರ್ಣೇಶ್ವರಿ. ಕಾಪಿ ತಿದ್ದೋದು ಮುಗಿಸಿ, ಅಡಿಗೆ ಮನೆ ಮೆಟ್ಟಿಲ ಮೇಲೆ ಕೂತು ಬರೆದಿದ್ದು. ನನ್ನ ಮೊದಲನೇ ನಾಟಕ. ನಿಮ್ಮ ಸಂಘ ಅದನ್ನೇ ಆರಿಸ್ಕೊಂಡಿದೆ ಅಂತ ಕೇಳಿದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ? ಇಡೀ ಸ್ಟಾಫ್‌ರೂಮಿಗೆ ಹೇಳ್ಕೊಂಡು ಬಂದೆ. ಈಗ ನೋಡಿದ್ರೆ ಅದರಲ್ಲಿ ನಾನು ಬರೆದವಳೇ ಇಲ್ಲ. ಬೇಜಾರಾಗಿದೆ ಗೌಡ್ರೇ. ಸಿಟ್ಟಿಗಿಂತ ಬೇಜಾರೇ ಜಾಸ್ತಿ.

…

ಕ್ಷಮೆ ಎಲ್ಲ ಎಂತಕ್ಕೆ? ಮಾತು ವಾಪಸ್ ಕೊಡಿ ಅವಳಿಗೆ.

…

ಹೆಂಗಸು ಯಜಮಾನಿ ಅಂದ್ರೆ ಜನ ಒಪ್ಪಲ್ಲ? ಯಾವ ಜನ? ನಿಮ್ಮನೇಲಿ ಗದ್ದೆ ಆಳು, ನೆಟ್ಟಿ, ಕುಯ್ಲು ಎಲ್ಲ ಯಾರು ನೋಡ್ಕೊಳ್ಳೋದು? ನೀವು ಮಿಲ್ಲಲ್ಲಿ ಮೀಸೆ ಅಂಟಿಸ್ಕೊಳ್ಳೋ ಹೊತ್ತಲ್ಲಿ ನಿಮ್ಮ ಮನೆ ಯಜಮಾನಿಕೆ ಯಾರ ಕೈಲಿದೆ ಹೇಳಿ ನೋಡೋಣ.

…

ಹಾಂ. ಅದನ್ನ ಜನ ಒಪ್ಪಿದಾರಲ್ವಾ?

…

ಇಲ್ಲ, ಸಮಯ ಇಲ್ಲ ಅಂತ ಹೇಳಬೇಡಿ. ಬ್ಯಾನರ್ ಕಟ್ಟಿದ್ರೆ ಇರ್ಲಿ, ಜೀಪು ಹೇಳಿದ್ರೆ ಇರ್ಲಿ. ಅವಳ ಮಾತು ಅವಳಿಗೆ ಸಿಗದಿದ್ರೆ ನನ್ನ ನಾಟಕ ಆಡಬೇಡಿ. ತೀರ್ಥಹಳ್ಳಿಯವರಿಗೂ ಫೋನು ಮಾಡ್ತೀನಿ. ವೆಂಕಮ್ಮ ಅಲ್ಲೇ ಇದಾಳಾ? ಕೊಡಿ ಅವಳಿಗೆ.

…

ಕೊಡಿ ಅಂದೆ.

…

ಹಲೋ, ವೆಂಕಮ್ಮನಾ? ನಾನಮ್ಮ, ಹೋದ ವರ್ಷ ಹೊಸನಗರದಲ್ಲಿ ಸಿಕ್ಕಿದ್ವಲ್ಲ. ಬಾಲವಾಡಿ ಮಕ್ಕಳ ಹಾಡು ಹೇಳಿ ನಗಿಸಿದ್ಯಲ್ಲ. ಹಾಂ, ಅದೇ ಟೀಚರ್ರು.

…

ಗೌಡ್ರು ಪಕ್ಕದಲ್ಲೇ ಇದಾರಾ? ಇರ್ಲಿ. ಹೌದು, ಇಲ್ಲ ಅಂದ್ರೆ ಸಾಕು. ಆ ಪಾತ್ರ ನಿನಗೆ ಬೇಕಾ? ಪೂರ್ತಿ?

…

ಅವರು ಹೇಳಿದ ಹಾಗೆ ಅಂತ ನನ್ನ ಹತ್ರ ಹೇಳಬೇಡ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಿನಗೆ ಬೇಕಾ ಅಂತ ಕೇಳಿದ್ದು.

…

ಬೇಕು. ಹಾಂ. ಈಗ ಸರಿಯಾಗಿ ಹೇಳಿದೆ. ಆದ್ರೆ ನಾಡಿದ್ದೇ ನಾಟಕ, ಅಷ್ಟೊಂದು ಮಾತು ಬಾಯಿಪಾಠ ಆಗ್ತದಾ?

…

ಬರ್ತದಾ? ಪೂರ್ತಿ ಬರ್ತದಾ? ಹೆಂಗೆ?

…

ಗೌಡ್ರಿಗೆ ಮರೆತು ಹೋಗ್ತದೆ ಅಂತ ನೀನೇ ಹಿಂದೆ ನಿಂತು ಹೇಳಿಕೊಡ್ತೀಯಾ? ಸ್ಟೇಜ್ ಮೇಲೇನಾ? ಸೆರಗು ಬಾಯಿಗೆ ಹಿಡ್ಕೊಂಡು? ಅಂದ್ರೆ ಜನ ನೀನು ಅಳ್ತಿದೀಯ ಅಂದ್ಕೊಳ್ತಾರೆ, ನೀನು ಅಲ್ಲಿ ಅವರಿಗೆ ನಿನ್ನ ಮಾತೇ ಹೇಳಿಕೊಡ್ತಿರ್ತೀಯ. ಅಯ್ಯೋ ದೇವರೇ.

…

ನಾನು ನಗ್ತಿಲ್ಲ ಕಣೇ. ನಗು ಅಲ್ಲ ಇದು.

…

ವೆಂಕಮ್ಮ, ಕೇಳು. ಈಗ ಹೇಳು ನೋಡೋಣ. ಇಲ್ಲೇ, ಫೋನಲ್ಲೇ. ನಾನು ದಿಬ್ಬಣದ ಯಜಮಾನ. ‘ಮುಹೂರ್ತ ಮೀರ್ತದೆ, ದೋಣಿ ಬಿಡು.’ ಹಾಂ, ನೀನು.

…

ಅಷ್ಟು ಸಣ್ಣಕ್ಕೆ ಬೇಡ. ಅವರಿಗೆ ಹೇಳಿಕೊಡೋ ದನಿ ಅದು. ನಿನ್ನ ದನೀಲಿ ಹೇಳು. ಮಿಲ್ಲಲ್ಲಿ ಇರೋರಿಗೆಲ್ಲ ಕೇಳ್ಲಿ.

…

ಹಾಂ. ‘ಹೊಳೆಗೆ ನಿಮ್ಮ ಮುಹೂರ್ತ ಗೊತ್ತಿಲ್ಲ’, ಅಲ್ಲಿ ನಿಲ್ಲಿಸು. ಒಂದು ಉಸಿರು ಬಿಟ್ಟು ಮುಂದಿನದ್ದು. ನಾನು ಹೇಳ್ತೀನಿ, ‘ನೂರು ಜನ ಕಾಯ್ತಿದಾರೆ, ನೀನೊಬ್ಬಳು ಬೇಡ ಅಂದ್ರೆ ಆಯ್ತಾ?’

…

…

ಹೌದು. ಹಾಗೇ. ಹಾಗೇ ಹೇಳು ವೆಂಕಮ್ಮ. ನಾನು ಬರೆಯೋವಾಗ ನನ್ನ ಕಿವೀಲಿ ಹೀಗೇ ಕೇಳ್ತಿತ್ತು. ಒಬ್ಬರ ಬಾಯಲ್ಲಿ ಕೇಳ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ. ಗೌಡ್ರಿಗೆ ಕೊಡು.

…

ಹಲೋ? ಗೌಡ್ರೇ? ಕೇಳಿದ್ರಾ?

…

ಎಲ್ಲರೂ ಕೆಲಸ ಬಿಟ್ಟು ಬಂದು ನಿಂತಿದಾರಾ? ಜಟ್ಟಿಂಗಪ್ಪನೂ? ಅವನು ಚಪ್ಪಾಳೆ ಹೊಡೆದ್ನಾ. ಕೇಳಿಸ್ತು, ಕೇಳಿಸ್ತು.

…

ಎಂತ ಅಂದ್ರಿ? ಲೈನ್ ಸರಿ ಇಲ್ಲ, ಗಟ್ಟಿಯಾಗಿ ಹೇಳಿ.

…

ಮೀಸೆ ತೆಗೀತೀರಾ? ನಿಜವಾಗ್ಲೂ? ಮಾತು ಪೂರ್ತಿ ಅವಳಿಗಾ? ಅಣ್ಣ ಇರಲ್ವಾ? ಗೌಡ್ರೇ, ದೊಡ್ಡ ಮಾತು ಇದು. ನಿಮಗೆ ಕಷ್ಟ ಅಂತ ಗೊತ್ತು ನನಗೆ. ಊರವರೆಲ್ಲ ಕೇಳ್ತಾರೆ, ಗೌಡ್ರು ಯಾಕೆ ಇಲ್ಲ ಅಂತ. ತುಂಬಾ ಉಪಕಾರ ಆಯ್ತು.

…

ಹಾಂ? ಒಂದು ಷರತ್ತಾ? ಹೇಳಿ.

…

ಐದಕ್ಕೆ ಐದು ಸರಿಯಾಯ್ತು ಅಂತೀರಾ? ಹೆಂಗೆ? ನಾಲ್ಕು ಗಂಡು, ಅವಳು ಒಬ್ಬಳು, ಹಾಂ, ಐದು. ಅದಕ್ಕೆ?

…

ಅವಳೇ ಧರ್ಮರಾಯ?

…

ಅಲ್ಲ ಗೌಡ್ರೇ. ಅಲ್ಲ, ಕೇಳಿ ಇಲ್ಲಿ. ಕಾರ್ಡಲ್ಲಿ ಬೇಕಾದ್ರೆ ಬರ್ಕೊಳ್ಳಿ, ಹಸಿರು ಇಂಕಲ್ಲೇ ಬರ್ಕೊಳ್ಳಿ, ಈ ಒಂದಕ್ಕೆ ನಾನು ಹೊಡೆದು ಹಾಕಲ್ಲ. ಆದ್ರೆ ನಾಡಿದ್ದು ಮೈಕಲ್ಲಿ ಪಾತ್ರಧಾರಿಗಳ ಹೆಸರು ಹೇಳೋರು ಯಾರು?

…

ನೀವೇನಾ? ಎಂತ ಹೇಳ್ತೀರಿ? ಹೇಳಿ ನೋಡೋಣ.

…

‘ಧರ್ಮರಾಯನಾಗಿ ವೆಂಕಮ್ಮ’? ಬೇಡ! ಹಾಗೆ ಹೇಳಬೇಡಿ ಮಾರಾಯ್ರೇ. ಹೆಂಗಸಿಗೆ ಅವಳ ಮಾತು ಕೊಟ್ಟು ಹೆಸರು ಕಿತ್ಕೊಳ್ತೀರಾ? ಬಂಗಾರಮ್ಮ ಅಂತ ಹೇಳಿ. ಅವಳಿಗೆ ಒಂದು ಹೆಸರಿದೆ ಗೌಡ್ರೇ. ಹಲೋ? ಇಲ್ಲಮ್ಮ, ಎಕ್ಸ್‌ಚೇಂಜ್, ಕಟ್ ಮಾಡಬೇಡಿ, ಒಂದೇ ಒಂದು ಮಾತು. ಗೌಡ್ರೇ, ಕೇಳ್ತಿದೀರಾ? ಬಂಗಾರಮ್ಮನಾಗಿ ವೆಂಕಮ್ಮ ಅಂತ ಹೇಳಿ. ಬಂಗಾರಮ್ಮ! ಹಲೋ? ಹಲೋ...