ಟಾಕಿಯಾಗೆ ಸೂರಮ್ಮನ ದನಿ

...ಹೂಂ, ಕಂಡೆ ಅಂದ್ನಲ್ರೀ! ಬಸ್ಸಿಳಿದು ಬಂದು ಇನ್ನೂ ಕಾಲು ತೊಳ್ದಿಲ್ಲ ನಾನು. ಕಂಡೆ. ಚಳ್ಳಕೆರೆ ಟೆಂಟಿನಾಗೆ, ಪರದೆ ಮ್ಯಾಲೆ, ನಮ್ಮ ಸೂರಮ್ಮನ್ನ ಕಂಡೆ.

ಯಾಕ್ರೀ ನಗ್ತೀರಾ? ಮೊಳಕಾಲ್ಮುರು ನೇಕಾರರ ಓಬಳಮ್ಮ ಟಾಕಿ ನೋಡಿದ್ಲು ಅಂತಾನಾ? ನಗ್ರಿ. 'ಗೋವಿಂದಪ್ಪ ಭಾವನೂ ಬರ್ಬೇಕಿತ್ತಕ್ಕಾ' ಅಂತ ನಿಮ್ಮನ್ನ ನೆನೆದ, ಜತೆಗೆ ಬಂದಿದ್ದ ನನ್ನ ತಮ್ಮ ಪಾತಣ್ಣ.

ಏನನ್ಲಿ? ಮಗಳು ಮೋರೆಗೆ ಬಣ್ಣ ಹಚ್ಕೊಂಡ್ಳು, ನನ್ನ ಪಾಲಿಗೆ ಸತ್ಲು ಅಂದೋರು ನೀವು. ಮದರಾಸಿನಿಂದ ಜ್ವರ ಅಂತ ತಂತಿ ಬಂದಾಗ ಮಗ್ಗ ಬಿಟ್ಟು ಏಳ್ಲಿಲ್ಲ. ನಾನೊಬ್ಬಳೇ ಹೋದೆ, ಮಣ್ಣು ಮಾಡಿ ಬಂದೆ. ಅವತ್ತಿಂದ ಈ ಮನೆಯಾಗೆ ಅವಳ ಹೆಸರಿಲ್ಲ. ಅಂಥಾದ್ದು, ಮೊನ್ನೆ ಟೆಂಟಿಗೆ ಅವಳ ಟಾಕಿ ಬರ್ತೈತಂತೆ ಅನ್ನೋ ಸುದ್ದಿ ಕೇಳಿ ನೀವೇ ಅಂದ್ರಿ... 'ಹೋಗ್ ಬಾ. ಅದರ ದನಿ ಕೇಳ್ಕೊಂಡ್ ಬಾ.'

ಅಳು? ಇಲ್ಲ, ಬರ್ಲಿಲ್ಲ. ಕುಂತಿದ್ ಮರಳು ತಣ್ಣಗಿತ್ತು. ಅಷ್ಟೇ ಗೊತ್ತು.

ಪಾರ್ಟಾ? ಗಂಡನ ಮನೆಯೋರು ಹೊರಗೆ ಹಾಕಿದ ಹೆಣ್ಣಿನ ಪಾರ್ಟು. ಸೀರೆ... ನೀವು ನೇಯ್ದಿದ್ದೇ ಉಟ್ಟಿದ್ಲು. ಬಣ್ಣ ಎಲ್ಲಿ ಕಾಣ್ತದೆ ಅದ್ರಾಗೆ! ಸೆರಗು ನೋಡಿ ಗುರುತು ಹಿಡಿದೆ.

ದನಿ... ಹೂಂ, ಹೇಳ್ತೀನಿ ಇರ್ರೀ. ಒಸಿ ಒಡೆದಿತ್ತು. ಕಡೇಗೆ ಒಂದು ಸೀನು ಬರ್ತದೆ. ಕಾಯಿಲೆ ಬಿದ್ದಿರ್ತಾಳೆ. ಕಣ್ಣು ಬಿಡಂಗಿಲ್ಲ, ತುಟಿ ಒಣಗೈತೆ. ಹಂಗೇ ಬಾಗಿಲ ಕಡೆ ಮಕ ತಿರುವಿ 'ನಾಯನಾ... ನಾಯನಾ...' ಅಂದ್ಲು.

...ಲಾಳಿ ಯಾಕೆ ನಿಲ್ಲಿಸಿದ್ರಿ?

ಹಂಗ್ಯಾಕೆ ನೋಡ್ತೀರಾ?

ಕನ್ನಡ ಟಾಕಿ, ಹೌದು. ಕನ್ನಡದಾಗೆ ಅಪ್ಪಾ ಅಂತಾರೆ, ಹೌದು. ನಾಯನಾ ಅನ್ನೋದು ನಮ್ಮ ಮನೆ ತೆಲುಗು... ಮಾತು ಬರೆದೋರು ಹಂಗೇ... ಇಲ್ಲಾ, ಅವಳೇ ಬಾಯ್ತಪ್ಪಿ...

ಏನಾದ್ರೂ ಅನ್ರೀ. ಬೈರಿ ಬೇಕಾದ್ರೆ.

...

ಟಾಕಿ ಬರ್ಲಿಲ್ರೀ. ಹಿಂದಿನ ಊರಾಗೆ ಬೆಂಕಿ ಬಿದ್ದು ರೀಲೆಲ್ಲ ಉರಿದೋಯ್ತಂತೆ. ಉಳಿದಿದ್ದ ಪ್ರಿಂಟು ಅದೊಂದೇ ಅಂತೆ, ಇನ್ನು ಎಲ್ಲೂ ಸಿಗಾಕಿಲ್ಲ ಅಂದ ಟೆಂಟಿನೋನು. ಬದ್ಲಿಗೆ ಯಾವ್ದೋ ಕತ್ತಿ ಕಾಳಗದ ಚಿತ್ರ ಹಾಕಿದ್ರು. ಎದ್ದು ಬರಾಕೆ ತೋಚದೆ ಅದನ್ನೇ ನೋಡ್ತಾ ಕುಂತಿದ್ವಿ.

ಸೀರೆ ಸುಳ್ಳು. ಪಾರ್ಟು ಸುಳ್ಳು. ದನಿ ಸುಳ್ಳಲ್ಲ.

ಆ 'ನಾಯನಾ' ಮದರಾಸಿನ ಆಸ್ಪತ್ರೆಯಾಗೆ ಅವಳು ಅಂದಿದ್ದು. ನನ್ನ ತೊಡೆ ಮ್ಯಾಲೆ ತಲೆ ಇತ್ತು. ಬಂದು ಹೇಳಾನ ಅಂದ್ರೆ, ಅವಳ ಸುದ್ದಿ ಎತ್ತಬ್ಯಾಡ ಅಂದ್ರಿ. ಎತ್ತಲಿಲ್ಲ.

ಹೂಂ... ಪಕ್ಕದಾಗಿದ್ದೋಳು ನಾನು. ಕೂಗಿದ್ದು ನಿಮ್ಮನ್ನ.