ಅರಮನೆಯಲ್ಲಿ ಗ್ರಂಥಾಲಯ ತೆರೆದ ದಿನ

ಮಾನ್ಯ ಅಧ್ಯಕ್ಷರೇ, ಗ್ರಂಥಾಲಯ ಸಮಿತಿಯ ಹಿರಿಯರೇ, ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿರುವ ಸಭಿಕರೇ,

‘ರಾಜರ ಆಳ್ವಿಕೆಯಿಂದ ಜನರ ಆಳ್ವಿಕೆಯವರೆಗೆ’ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಪಂಡಿತೆಯಲ್ಲ, ಈ ಮನೆಯಲ್ಲಿ ಹುಟ್ಟಿದ ಕೊನೆಯ ರಾಜಕುಮಾರಿ, ಅಷ್ಟೇ. ನೀವು ಕೂತಿರುವುದು ನಮ್ಮ ಊಟದ ಕೋಣೆಯಲ್ಲಿ. ಆರಾಮಾಗಿ ಕೂತುಕೊಳ್ಳಿ, ಈಗ ಯಾರ ತಲೆಯನ್ನೂ ತೆಗೆಯುವುದಿಲ್ಲ.

ರಾಜರ ಆಳ್ವಿಕೆ ಎಂದರೇನು? ನನ್ನ ಪಾಲಿಗೆ, ನಾನು ಕರೆಯುವ ತನಕ ದಾದಿಯೂ ತಲೆ ತಗ್ಗಿಸಿ ಕಾಯುತ್ತಿದ್ದ ಕಾಲ. ಜಗಳವಾಡಲು ಇದ್ದವನು ಅಣ್ಣ ಒಬ್ಬನೇ. ಅಪ್ಪ ತೀರಿಹೋಗಿ ಅಣ್ಣ ಪಟ್ಟಕ್ಕೇರಿದ ಮರುದಿನ, “ಏನೋ, ನಿದ್ದೆ ಬಂತಾ?” ಅಂದೆ. ಮಂತ್ರಿಗಳು ಕೆಮ್ಮಿದರು. ಅಣ್ಣ ನನ್ನತ್ತ ನೋಡಲಿಲ್ಲ. ಅಂದಿನಿಂದ ನನಗೂ ಅವನು ‘ಪ್ರಭುಗಳು’.

ಆಮೇಲೆ ಸೈನ್ಯದವರು ಬಂದರು. ಅಣ್ಣನಿಗೆ ಗಡೀಪಾರು. ಕಾರಿನ ಬಾಗಿಲು ಹಿಡಿದು ನಿಂತವನು, “ಬಾರೇ, ಬೇಗ ಬಾ” ಅಂತ ನನ್ನನ್ನು ಕೂಗಿದ. ಅಧಿಕಾರಿ, “ಇವರು ಯಾರು?” ಅಂದ. “ನನ್ನ ತಂಗಿ ಕಣಯ್ಯಾ!” ಅಂತ ಅಣ್ಣ ಅತ್ತೇಬಿಟ್ಟ. ಕಾರು ಹತ್ತುವ ಅಪ್ಪಣೆ ರಾಜರೊಬ್ಬರಿಗೇ ಇತ್ತು. ಕಿರೀಟ ಹೋದ ದಿನ ನನಗೆ ಅಣ್ಣ ಮರಳಿ ಸಿಕ್ಕಿದ. ಸಿಕ್ಕಿದ್ದು ಗೇಟಿನವರೆಗೆ ಮಾತ್ರ. ಅವನು ಪರದೇಶದಲ್ಲಿ ತೀರಿಕೊಂಡದ್ದನ್ನು ರೇಡಿಯೋ ಹೇಳಿತು, ‘ಮಾಜಿ ರಾಜ’ ಅಂತ. ಆ ದಿನ ಅಡುಗೆ ಮಾಡಿ ಇಬ್ಬರಿಗೆ ಬಡಿಸಿದೆ. ಇದೆಲ್ಲ ನಿಮಗೆ ಯಾಕೆ? ವಿಷಯಕ್ಕೆ ಬರುತ್ತೇನೆ.

ಜನರ ಆಳ್ವಿಕೆ! ಮೊದಲ ಚುನಾವಣೆಯಲ್ಲಿ ನಾನೂ ಸಾಲಿನಲ್ಲಿ ನಿಂತೆ. ಹಿಂದಿದ್ದ ದರ್ಜಿ ಹೆಂಗಸು ಬೆನ್ನು ತಿವಿದು, “ಅಜ್ಜೀ, ಮುಂದೆ ಸರೀರಿ, ನಿಂತಲ್ಲೇ ನಿದ್ದೇನಾ?” ಅಂದಳು. ಆಹಾ! ಅಂಥ ಬೈಗುಳಕ್ಕೆ ನಾನೆಷ್ಟು ವರ್ಷ ಕಾದಿದ್ದೆ! ಇಬ್ಬರೂ ಮಂಡಿನೋವಿನ ಕಷ್ಟ ಹೇಳಿಕೊಂಡೆವು. “ಮನೇಲಿ ಯಾರ್ಯಾರಿದ್ದೀರಿ?” ಅಂದಳು. “ನಾನೊಬ್ಬಳೇ” ಅಂದೆ. “ಹಾಗಾದ್ರೆ ಭಾನುವಾರ ನಮ್ಮನೆಗೇ ಊಟಕ್ಕೆ ಬನ್ನಿ” ಅಂದಳು.

ಅಷ್ಟರಲ್ಲಿ ಗುಮಾಸ್ತರು ನನ್ನ ಪೂರ್ತಿ ಹೆಸರನ್ನು, ಮನೆತನದ ಹೆಸರಿನ ಸಮೇತ, ಜೋರಾಗಿ ಓದಿದರು. ಅವಳು ಗಾಬರಿಯಾಗಿ ಕೈಮುಗಿದು ಹಿಂದೆ ಸರಿದಳು. “ತಪ್ಪಾಯ್ತು ತಾಯಿ” ಅಂದಳು. ಮತ ಹಾಕಿ ಬಂದು ಹುಡುಕಿದೆ, ಹೊರಟುಹೋಗಿದ್ದಳು. ಅವಳ ಮನೆ ಯಾವ ಬೀದಿಯಲ್ಲಿದೆ ಅಂತ ನಾನು ಕೇಳಿಯೇ ಇರಲಿಲ್ಲ.

ಸಭೆಯ ನಂತರ ವರಾಂಡದಲ್ಲಿ ಟೀ ಇದೆಯಂತೆ. ನನಗೆ ಒಳಗೆ ಬೇರೆ ಕುರ್ಚಿ ಹಾಕಿಸಿದ್ದೇವೆ ಎಂದು ಕಾರ್ಯದರ್ಶಿಗಳು ಹೇಳಿದರು. ಅವರ ಪ್ರೀತಿಗೆ, ನಿಮ್ಮ ತಾಳ್ಮೆಗೆ ಧನ್ಯವಾದ. ಕುರ್ಚಿ ಬೇಡ, ನಾನೂ ನಿಮ್ಮೊಂದಿಗೇ ಸಾಲಿನಲ್ಲಿ ನಿಲ್ಲುತ್ತೇನೆ. ದಯವಿಟ್ಟು ಯಾರೂ ದಾರಿ ಬಿಡಬೇಡಿ.

ನಮಸ್ಕಾರ.