ಪಟ್ಟಿಯಲ್ಲಿಲ್ಲದ ಬಾಣಂತಿ

ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು ನರ್ಸುಗಳು ಕೂತಿದ್ದರು. ಬಾಣಂತಿಯರ ಮನೆಮನೆಗೆ ಹೋಗಿ ತಾಯಿ-ಮಗುವನ್ನು ನೋಡಿ ಬರುವವರು. ಕಿರಿಯವಳು ಹೇಳುತ್ತಿದ್ದಳು:

“ಅಕ್ಕಾ, ಆ ಮೂಲೆಮನೆ ಹುಡುಗಿಯ ಕೂಸು ಭಾನುವಾರವೇ ಹೋಗಿಬಿಟ್ಟಿತ್ತಂತೆ. ಗೊತ್ತಿಲ್ದೆ ತೂಕದ ಮಷೀನು ಹಿಡ್ಕೊಂಡು ಬಾಗಿಲು ತಟ್ಟಿದೆ.”

“ಅಯ್ಯೋ, ಏನಂದ್ಳು?”

“ಒಳಗೆ ಕರೆದು ಕೂರಿಸಿದ್ಳು. ಹಾಲು ಇನ್ನೂ ಕಟ್ಕೊಳ್ತಿದೆ, ಏನ್ಮಾಡ್ಲಿ ಅಂತ ಕೇಳಿದ್ಳು.”

“ಪಾಪ, ಅವಳಿಗೆ ತನ್ನೋರು ಅಂತ ಯಾರಿದ್ದಾರೆ?”

“ಮುಂದಿನ ವಾರಾನೂ ಬರ್ತೀರಲ್ವಾ ಅಂದ್ಳು. ಬರ್ತೀನಿ ಅಂದ್ಬಿಟ್ಟೆ. ಆದ್ರೆ ಮಗು ಇಲ್ಲ ಅಂತ ಆಫೀಸಿನೋರು ಪಟ್ಟೀಲಿ ಅವಳ ಹೆಸರೇ ಹೊಡೆದಾಕಿದ್ದಾರೆ.”

“ಕೂಸು ಹೋದ್ರೂ ಬಾಣಂತಿ ಬಾಣಂತೀನೇ ಕಣೇ. ನಮ್ಮ ಊಟದ ಬಿಡುವಲ್ಲಿ ಹೋಗೋಣ, ನಾನೂ ಬರ್ತೀನಿ.”

ಕಿರಿಯವಳು ಕಿಟಕಿಯತ್ತ ಮುಖ ತಿರುಗಿಸಿದಳು. ಹಿರಿಯವಳು ಎದ್ದು ಅವಳ ಭುಜ ಮುಟ್ಟಿದಳು.

“ಸ್ಟಾಪ್ ಬಂತು. ಮುಖ ಒರೆಸ್ಕೋ. ಈಗ ಹೋಗೋ ಮನೇಲಿ ಅವಳಿ ಮಕ್ಕಳು, ನಗ್ತಾ ಹೋಗ್ಬೇಕು.”

ಇಬ್ಬರೂ ಇಳಿದರು.